ಮಸ್ಕಿ ಕೊನೆಗಿರಲಿ

ನಮ್ಮ ಸೀಮೆಯ ಬಸ್ಸುಗಳಲ್ಲಿ ಕಂಡಕ್ಟರನೊಬ್ಬನನ್ನು ಬಿಟ್ಟರೆ ಮತ್ತಾರೂ ನಿಮ್ಮನ್ನು ಯಾವ ಊರಿಗೆ ಎಂದು ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯರು ತಮ್ಮ ಗಂಟಿನ ಅರ್ಧಭಾಗವನ್ನು ನಿಮ್ಮ ತೊಡೆಯ ಮೇಲೆ ಪ್ರತಿಷ್ಠಾಪಿಸಿ, ಎಲೆ ಅಡಿಕೆಯ ಸಂಚಿ ಬಿಚ್ಚಿ, ಸಾವಕಾಶವಾಗಿ ಕೇಳುವ ಮೊದಲ ಪ್ರಶ್ನೆ ‘ಯಾರ ಮನಿಗೆ?’ ಎಂಬುದು. ಸಿಂಧನೂರಿನಲ್ಲಿ ಬಸ್ಸು ಹತ್ತಿದವನು ಲಿಂಗಸೂಗೂರಿಗೆ ಹೋಗುವುದಿಲ್ಲ. ಲಿಂಗಸೂಗೂರಿನ ಅತ್ತೆಯ ಮನೆಗೆ ಹೋಗುತ್ತಾನೆ. ಜವಳಗೇರಾಕ್ಕೆ ಹೊರಟವನು ಅಲ್ಲಿಯ ಸೋದರಮಾವನ ಮನೆಗೆ ಹೊರಟವನು. ಆ ಊರಿನ ಕಾಲುವೆ, ಭತ್ತದ ಗದ್ದೆ, ಟ್ರ್ಯಾಕ್ಟರುಗಳೆಲ್ಲ ಮಾವನ ಮನೆಯ ಸುತ್ತ ಆನುಷಂಗಿಕವಾಗಿ ಇರುವ ವಸ್ತುಗಳು. ಊರೆಂದರೆ ಮನೆಗೆ ಹೋಗುವಾಗ ಇಳಿಯಬೇಕಾದ ಜಾಗ, ಅಷ್ಟೇ.

ಒಮ್ಮೆ ನಾನು ಎಳೆವಯಸ್ಸಿನ ಉದ್ಧಟತನದಲ್ಲಿ ಈ ಪ್ರಶ್ನೆಗೆ, ಯಾರ ಮನೆಗೂ ಅಲ್ಲ, ಮಸ್ಕಿಯ ಶಿಲಾಶಾಸನ ನೋಡಲು ಹೊರಟಿದ್ದೇನೆ ಎಂದು ಉತ್ತರಿಸಿದೆ. ಮಸ್ಕಿಯಂಥ ಊರಿನಲ್ಲಿ ಒಂದು ಮನೆಯೂ ಇಲ್ಲದ ಪರದೇಶಿ ಈತ ಎಂದು ಆ ಹಿರಿಯರು ಕನಿಕರಪಟ್ಟು, ನನ್ನನ್ನು ತಮ್ಮ ಬೀಗರ ಮನೆಗೆ ಕರೆದೊಯ್ದು, ರೊಟ್ಟಿ ಪುಂಡಿಪಲ್ಯ ಉಣ್ಣಿಸಿ, ಚಾಪೆ ಹಾಸಿಕೊಟ್ಟರು. ಕಲ್ಲು ಸಾವಿರಾರು ವರ್ಷದಿಂದ ಕುಂತೈತಿ, ಇವತ್ತೇ ಎದ್ದು ಹೋಗೂದಿಲ್ಲ, ಸ್ವಲ್ಪ ಅಡ್ಡಾಗು ಎಂದರು. ನಾನು ಕಣ್ಣುಬಿಟ್ಟಾಗ ಹೊತ್ತು ಮುಳುಗಿತ್ತು. ಶಾಸನವನ್ನು ಬೇರೊಂದು ವರ್ಷ ನೋಡಿದೆ.

ಇಂಥ ಸೀಮೆಯಲ್ಲಿ, ಎಂಬತ್ತರ ದಶಕದ ಕೊನೆಯ ಭಾಗದಲ್ಲಿ, ನಾನು ಜನರ ಪ್ರವಾಸಗಳಿಗೆ ಗಣಿತದಿಂದ ಮಾರ್ಗ ಹಾಕಿಕೊಡುವ ಕಾಯಕವನ್ನು ಕೈಗೊಂಡೆ. ನಾನಾಗ ಸಿಂಧನೂರಿನ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು, ಅವಿವಾಹಿತ, ಸಂಜೆಗಳು ವಿಪುಲವಾಗಿದ್ದವು. ಕೆಲಸವಿಲ್ಲದ ಬಡಗಿ ಏನನ್ನೋ ಕೆತ್ತಿದನೆಂಬ ಗಾದೆಯನ್ನು ಸಭ್ಯತೆಗಾಗಿ ಇಲ್ಲಿಗೇ ನಿಲ್ಲಿಸುತ್ತೇನೆ. ಧಾರವಾಡದಲ್ಲಿ ಓದುವಾಗ ನನ್ನ ಮನಸ್ಸನ್ನು ಸೆರೆಹಿಡಿದ ಒಂದು ಶಾಸ್ತ್ರವಿತ್ತು. ಬೇಕಾದದ್ದನ್ನು ಆದಷ್ಟು ಹೆಚ್ಚಿಸಿಕೊಳ್ಳಬೇಕು, ಬೇಡವಾದದ್ದನ್ನು ಆದಷ್ಟು ತಗ್ಗಿಸಬೇಕು, ಆದರೆ ದಾರಿಗಡ್ಡ ನಿಂತ ಯಾವ ನಿರ್ಬಂಧವನ್ನೂ ಮೀರಬಾರದು ಎಂಬುದು ಅದರ ಸಾರ. ಇದು ಸಂಸಾರದ ವ್ಯಾಖ್ಯೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆಗಿನ್ನೂ ಸಂಸಾರವಿಲ್ಲದ ನನಗೆ ಅದು ಶುದ್ಧ ಗಣಿತವಾಗಿ ಕಾಣುತ್ತಿತ್ತು. ಹಲವು ಊರುಗಳನ್ನು ಸುತ್ತಿ ಮನೆಗೆ ಮರಳಬೇಕಾದ ವ್ಯಾಪಾರಿ ಯಾವ ಅನುಕ್ರಮದಲ್ಲಿ ಹೋದರೆ ಕಾಲಹರಣ ಕಡಿಮೆ ಎಂಬ ಪ್ರಸಿದ್ಧ ಸಮಸ್ಯೆಯೊಂದು ಆ ಶಾಸ್ತ್ರದಲ್ಲಿದೆ. ನಾನು ಆ ವ್ಯಾಪಾರಿಯನ್ನು ಕೆಳಗಿಳಿಸಿ ಅವನ ಜಾಗದಲ್ಲಿ ನಮ್ಮ ನೆಂಟರಿಷ್ಟರನ್ನು ಕೂರಿಸಿದೆ.

ಕ್ರಮ ಸರಳ. ಯಾರು ಬಂದರೂ ಅವರಿಗೆ ಯಾವ ಜಾಗ ಎಷ್ಟು ಇಷ್ಟವೆಂದು ಕೇಳಿ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿಸಿಕೊಳ್ಳುವುದು. ಬಸ್ಸುಗಳ ವೇಳೆ, ದಾರಿಯ ಹೊತ್ತು, ಅವರ ಕಾಲುನೋವು, ಮಕ್ಕಳ ಹಸಿವು ಇವುಗಳನ್ನು ನಿರ್ಬಂಧಗಳಾಗಿ ಬರೆಯುವುದು. ಒಟ್ಟು ಸಂತೋಷ ಗರಿಷ್ಠವಾಗುವ ಹಾದಿಯನ್ನು ಕಂಡುಹಿಡಿಯುವುದು. ಒಬ್ಬರಿಗೆ ಹೊಂದಿದ ಅಂಗಿ ಇನ್ನೊಬ್ಬರಿಗೆ ಹೊಂದದು. ಪ್ರವಾಸವೂ ಮೈಯಳತೆ ತೆಗೆದೇ ಹೊಲಿದದ್ದಾಗಿರಬೇಕು ಎಂಬುದು ನನ್ನ ಸಿದ್ಧಾಂತ. ಮೊದಲ ಗಿರಾಕಿ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು, ಹೊಸದಾಗಿ ಮದುವೆಯಾದವರು. ಅವರು ಮುದಗಲ್ಲಿನ ಕೋಟೆಗೆ ಒಂಬತ್ತು ಅಂಕ ಕೊಟ್ಟರು. ಅವರ ಹೆಂಡತಿ ಅದೇ ಕೋಟೆಗೆ ಸೊನ್ನೆ ಕೊಟ್ಟು ಲಿಂಗಸೂಗೂರಿನ ಸೀರೆ ಅಂಗಡಿಗೆ ಹತ್ತು ಕೊಟ್ಟರು. ನಾನು ಎರಡನ್ನೂ ಸರಿತೂಗಿಸಿ ಅಪೂರ್ವವಾದ ಮಾರ್ಗವೊಂದನ್ನು ರಚಿಸಿದೆ. ಅವರು ಕೋಟೆಯನ್ನೂ ಕಾಣಲಿಲ್ಲ, ಅಂಗಡಿಯನ್ನೂ ಕಾಣಲಿಲ್ಲ. ದಾರಿಯುದ್ದಕ್ಕೂ ನೆಂಟರು ಹೊಸ ಜೋಡಿಯನ್ನು ಕರೆದು ಕೂರಿಸಿ ಉಣ್ಣಿಸಿದ್ದರಿಂದ ಹೊಟ್ಟೆ ಹಿಡಿದುಕೊಂಡು ಮರಳಿದರು. ಅಂದಿನಿಂದ ನಾನು ಊಟವನ್ನೂ ಒಂದು ನಿರ್ಬಂಧವಾಗಿ ಸೇರಿಸಿದೆ. ಸ್ಟಾಫ್ ರೂಮಿನಲ್ಲಿ ನನಗೆ ‘ಟೂರ್ ಮಾಸ್ತರ’ ಎಂಬ ಹೆಸರು ಬಿತ್ತು.

ಹೀಗಿರುವಾಗ ನೀಲಕ್ಕ ಬಂದಳು. ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಭಾವನಿಗೆ ರೈಲ್ವೆಯಲ್ಲಿ ಕೆಲಸ, ವಾಸ ಭುಸಾವಳದಲ್ಲಿ. ಮಕ್ಕಳ ಶಾಲೆ, ಅತ್ತೆಯ ಆರೈಕೆ, ಭಾವನ ಡ್ಯೂಟಿ ಈ ಮೂರರ ನಡುವೆ ಅವಳಿಗೆ ನಮ್ಮ ಕಡೆ ಬರುವುದೇ ಅಪರೂಪ. ಅಪ್ಪ ತೀರಿಕೊಂಡಾಗ ಬಂದವಳು ಸೂತಕದ ಮನೆಯವಳಾದ್ದರಿಂದ ಎಲ್ಲಿಗೂ ಹೋಗುವಂತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕುಳಿತು ಬಸ್ಸುಗಳ ಸದ್ದು ಕೇಳುತ್ತಿದ್ದಳು. ಈ ಸಲ ಮಾತ್ರ ಅವಳು ಮೂರು ದಿನಗಳನ್ನು ತನ್ನದೆಂದು ಬಿಡಿಸಿಕೊಂಡು ಬಂದಿದ್ದಳು. ನಾಲ್ಕನೆಯ ದಿನ ರಾಯಚೂರಿನಲ್ಲಿ ರೈಲು ಹಿಡಿಯಬೇಕಿತ್ತು.

ನಾವು ಬೆಳೆದದ್ದು ಹಟ್ಟಿಯಲ್ಲಿ. ಅಪ್ಪನಿಗೆ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ, ನಮಗೆ ಕಂಪನಿಯ ಸಾಲುಮನೆ. ಸಾಲುಮನೆಯ ಹೆಣ್ಣುಮಕ್ಕಳ ಸಂಕಟವೊಂದುಂಟು, ಅದನ್ನು ಹೊಲಮನೆ ಇರುವವರು ಬಲ್ಲರೋ ಇಲ್ಲವೋ ಕಾಣೆ. ಅಪ್ಪ ನಿವೃತ್ತನಾದ ದಿನ ತವರುಮನೆ ಇನ್ನೊಬ್ಬರ ಹೆಸರಿಗಾಗುತ್ತದೆ. ಅಪ್ಪ ಅವ್ವ ಎಲ್ಲೋ ಇರುತ್ತಾರೆ, ತವರೂ ಇರುತ್ತದೆ, ಆದರೆ ಹುಟ್ಟಿ ಬೆಳೆದ ಹೊಸ್ತಿಲ ಒಳಗೆ ಯಾರೋ ಬೇರೆಯವರು ಒಲೆ ಹೊತ್ತಿಸಿರುತ್ತಾರೆ. ನೀಲಕ್ಕ ಮದುವೆಯಾಗಿ ಹೋಗುವಾಗ ಆ ಮನೆಯಿಂದ ಹೋದವಳು. ಮರಳುವ ಹೊತ್ತಿಗೆ ನಾವು ಸಿಂಧನೂರಿನ ಬಾಡಿಗೆ ಮನೆಯಲ್ಲಿದ್ದೆವು. ಆ ಮನೆಯ ಗೋಡೆಗಳನ್ನು ಅವಳು ಯಾವಾಗಲೂ ನೆಂಟರ ಮನೆಯ ಗೋಡೆಗಳಂತೆಯೇ ನೋಡಿದಳು.

ಹಟ್ಟಿಯಲ್ಲಿ ನಮ್ಮ ಪಕ್ಕದ ಮನೆ ಈರಮ್ಮನದು. ನೀಲಕ್ಕನ ವಾರಿಗೆಯವಳು; ನಡುವೆ ಒಂದೇ ಗೋಡೆ. ಇಬ್ಬರ ಅಪ್ಪಂದಿರ ಪಾಳಿಗಳೂ ಎದುರುಬದುರು. ನಮ್ಮಪ್ಪ ಕೆಲಸಕ್ಕೆ ಇಳಿದಾಗ ಅವರಪ್ಪ ಮಲಗಿರುತ್ತಿದ್ದ, ಅವರಪ್ಪ ಎದ್ದಾಗ ನಮ್ಮಪ್ಪ ಬಂದು ಮಲಗುತ್ತಿದ್ದ. ಗಣಿಯ ಭೋಂಗಾ ಕೂಗಿದಾಗಲೆಲ್ಲ ಮಲಗುವ ಮನೆ ಬದಲಾಗುತ್ತಿತ್ತೇ ಹೊರತು ನಿದ್ದೆ ತಪ್ಪುತ್ತಿರಲಿಲ್ಲ. ಹೀಗಾಗಿ ಆ ಇಬ್ಬರು ಹುಡುಗಿಯರ ಇಡೀ ಸ್ನೇಹ ಪಿಸುಮಾತಿನಲ್ಲೇ ಬೆಳೆಯಿತು. ನಗು ಬಂದರೆ ಸದ್ದು ಮಾಡುವಂತಿರಲಿಲ್ಲ. ಹಣೆಗೆ ಹಣೆ ಹಚ್ಚಿ, ಸೆರಗೋ ಲಂಗದ ಅಂಚೋ ಬಾಯಿಗೆ ತುರುಕಿಕೊಂಡು, ಭುಜ ಮಾತ್ರ ಕುಲುಕುವಂತೆ ನಗುವ ವಿದ್ಯೆಯನ್ನು ಅವರು ಸಾಧಿಸಿದ್ದರು. ನೋಡಿದವರು ಪಾಪ, ಏನು ದುಃಖವೋ ಎಂದುಕೊಳ್ಳಬೇಕು. ಈರಮ್ಮನನ್ನು ಮಸ್ಕಿಗೆ ಕೊಟ್ಟರು, ನೀಲಕ್ಕನನ್ನು ಭುಸಾವಳಕ್ಕೆ. ಮದುವೆಯ ನಂತರ ಅವರು ಕೂಡಿ ಕುಳಿತದ್ದೇ ಇಲ್ಲ.

ಬಂದ ದಿನ ಸಂಜೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ನಾನು ಶಾಸ್ತ್ರೋಕ್ತವಾಗಿ ಅಂಕ ಕೇಳಿದೆ. ಮುದಗಲ್ ಕೋಟೆಗೆ ಮೂರು. ಲಿಂಗಸೂಗೂರಿನ ನಮ್ಮ ಸೋದರತ್ತೆಗೆ ಆರು, ಅದೂ ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆಂದು ಏಳು. ಹಟ್ಟಿಯ ಸಾಲುಮನೆಯನ್ನು ಹೊರಗಿನಿಂದಲಾದರೂ ಒಮ್ಮೆ ನೋಡುವುದಕ್ಕೆ ಒಂಬತ್ತು. ಮಸ್ಕಿಯ ಈರಮ್ಮನ ಹೆಸರು ಬಂದಾಗ ಅಕ್ಕ ನನ್ನ ಹಾಳೆಯ ಮೇಲೆ ಕೈಯಿಟ್ಟಳು.

‘ಅದಕ್ಕ ಮಾರ್ಕ್ಸ್ ಹಾಕಬ್ಯಾಡ ತಮ್ಮಾ’ ಎಂದಳು. ‘ಆಕೀ ಕೂಡ ನನಗ ಒಂದು ಹಗಲು ಬೇಕು. ಉಳಿದದ್ದು ನಿನಗ ತಿಳಿದಂಗ ಮಾಡು.’

ಲೆಕ್ಕ ಬಿಡಿಸುವಾಗ ಕೆಲವೊಮ್ಮೆ ಉತ್ತರ ಎಲ್ಲಿಯೂ ನಿಲ್ಲದೆ ಏರುತ್ತಲೇ ಹೋಗುವುದುಂಟು. ಅಪರಿಮಿತ ಎಂದು ಅದಕ್ಕೆ ಹೆಸರು. ಹಾಗಾದರೆ ಹಿಗ್ಗಬೇಡಿ, ಎಲ್ಲೋ ಒಂದು ನಿರ್ಬಂಧವನ್ನು ಬರೆಯಲು ಮರೆತಿದ್ದೀರೆಂದು ತಿಳಿಯಿರಿ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಸಾರುತ್ತಿದ್ದೆ. ಹಂಬಲವೆಂಬುದು ಅಂಥ ಅಪರಿಮಿತ. ಅದನ್ನು ಸೇರಿಸಿದ ಕೂಡಲೇ ಉಳಿದ ಅಂಕಿಗಳಿಗೆ ಬೆಲೆಯೇ ಉಳಿಯುವುದಿಲ್ಲ. ನಾನು ಮಸ್ಕಿಗೆ ದೊಡ್ಡದೊಂದು ಸಂಖ್ಯೆ ಕೊಟ್ಟು ಮುಂದುವರಿದೆ. ಮಸ್ಕಿ ದಾರಿಯಲ್ಲೇ ಸಿಗುವ ಊರಾದ್ದರಿಂದ ಉತ್ತರವೂ ಸುಲಭವಾಗಿತ್ತು. ಮೊದಲ ದಿನ ಇಡೀ ಮಸ್ಕಿ, ಸಂಜೆಗೆ ಲಿಂಗಸೂಗೂರು, ಎರಡನೆಯ ದಿನ ಮುದಗಲ್, ಮೂರನೆಯ ದಿನ ಹಟ್ಟಿ ನೋಡಿ ವಾಪಸು. ಒಂದು ಹೆಜ್ಜೆಯೂ ವ್ಯರ್ಥವಿಲ್ಲದ ಆ ಮಾರ್ಗವನ್ನು ನಾನು ಅವ್ವನಿಗೂ ಅಕ್ಕನಿಗೂ ಹೆಮ್ಮೆಯಿಂದ ಓದಿ ಹೇಳಿದೆ.

ಜ್ವಾರಿ ಹಸನು ಮಾಡುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟಳು.

‘ಈರಮ್ಮನ ಗಂಡ ಸತ್ತ ಮ್ಯಾಲೆ ನೀ ಇನ್ನಾ ಮಾತಾಡ್ಸಿಲ್ಲ ನೀಲಾ. ಮಸ್ಕಿ ಕೊನೆಗಿರಲಿ.’

ಇಲ್ಲಿ ನಮ್ಮ ಕಡೆಯ ಪದ್ಧತಿಯನ್ನು ಹೇಳಬೇಕು. ಸಾವಾದ ಮನೆಗೆ ಹೋಗಿ ದುಃಖದಲ್ಲಿದ್ದವರನ್ನು ಕಂಡು ಬರುವುದಕ್ಕೆ ಮಾತಾಡಿಸುವುದು ಎನ್ನುತ್ತೇವೆ. ಸಾವಾಗಿ ತಿಂಗಳುಗಳೇ ಕಳೆದಿದ್ದರೂ ಮೊದಲ ಭೇಟಿ ಮಾತಾಡಿಸುವ ಭೇಟಿಯೇ. ಆ ಮನೆಯಿಂದ ಎದ್ದವರು ದಾರಿಯಲ್ಲಿ ಇನ್ನೊಂದು ಮನೆಯ ಹೊಸ್ತಿಲು ತುಳಿಯಬಾರದು, ನೇರ ಮನೆಗೆ ಬಂದು ಮೈಮೇಲೆ ನೀರು ಹಾಕಿಕೊಳ್ಳಬೇಕು. ಅಲ್ಲಿ ಹೆಚ್ಚು ಹೊತ್ತು ಕೂಡುವಂತಿಲ್ಲ, ನಗುವಂತಿಲ್ಲ, ರಾತ್ರಿ ಉಳಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವಾಗ ‘ಬರ್ತೀನಿ’ ಎನ್ನುವಂತಿಲ್ಲ. ಬೇರೆಲ್ಲ ಮನೆಗಳಲ್ಲಿ ಹೋಗುತ್ತೇನೆ ಎಂದರೆ ಅಪಶಕುನ, ಬರುತ್ತೇನೆ ಎಂದೇ ಹೇಳಬೇಕು. ಈ ಮನೆಯೊಂದರಲ್ಲಿ ಬರುತ್ತೇನೆ ಎಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇನೆ ಎಂದಂತೆ. ಆದ್ದರಿಂದ ಮಾತಿಲ್ಲದೆ ಎದ್ದು ನಡೆದುಬಿಡುವುದು. ಗಣಿತದಲ್ಲಿ ಇದನ್ನೆಲ್ಲ ಬರೆಯಲು ಒಂದೇ ಸಾಲು ಸಾಕು: ಈ ಬಿಂದು ಮಾರ್ಗದ ಕೊನೆಯಲ್ಲೇ ಇರತಕ್ಕದ್ದು. ನನ್ನ ಅಪ್ರತಿಮ ಮಾರ್ಗದಲ್ಲಿ ಅದು ಮೊದಲಿಗಿತ್ತು. ಅದರಂತೆ ನಡೆದಿದ್ದರೆ ಅಕ್ಕ ಮೊದಲ ದಿನವೇ ಮನೆಗೆ ಮರಳಿ, ತಲೆಗೆ ನೀರು ಹಾಕಿಕೊಂಡು ಕೂಡಬೇಕಾಗುತ್ತಿತ್ತು.

ಅಕ್ಕನಿಗೂ ಅದು ಹೊಳೆದಿರಲಿಲ್ಲ. ಗಂಡ ಸತ್ತ ಸುದ್ದಿ ಅವಳಿಗೆ ಗೊತ್ತಿತ್ತು. ಸುದ್ದಿ ಕೇಳಿ ಭುಸಾವಳದಲ್ಲಿ ಅತ್ತಿದ್ದಳು ಕೂಡ. ಆದರೆ ಮಸ್ಕಿ ಎಂದಾಗ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಸಾವಿನ ಮನೆಯಲ್ಲ, ಈರಮ್ಮ. ಒಂದು ಹಗಲು ಜೊತೆಗೆ ಅಡುಗೆ ಮಾಡಿ, ತಲೆ ಬಾಚಿಕೊಂಡು, ಇಷ್ಟು ವರ್ಷಗಳ ಪಿಸುಮಾತನ್ನು ಗಟ್ಟಿಯಾಗಿ ಆಡಬೇಕೆಂದು ಬಂದವಳಿಗೆ ಈಗ ಒಂದು ಗಳಿಗೆ ಕುಳಿತು ಕಣ್ಣೊರೆಸಿಕೊಂಡು ಎದ್ದು ಬರುವ ಭೇಟಿ ಉಳಿಯಿತು. ಈರಮ್ಮನನ್ನೇ ಹೊರಗೆಲ್ಲಾದರೂ ಕರೆಸಬಹುದೇ ಎಂದು ನಾನು ಬುದ್ಧಿ ಓಡಿಸಿದೆ. ವರ್ಷ ತುಂಬುವವರೆಗೆ ಆಕೆ ಹೊಸ್ತಿಲು ದಾಟುವುದಿಲ್ಲ ಎಂದು ಅವ್ವ ನನ್ನ ಬುದ್ಧಿಯನ್ನು ಹಿಡಿದು ನಿಲ್ಲಿಸಿದಳು. ಅಕ್ಕ ಜ್ವಾರಿಯಲ್ಲಿನ ಕಲ್ಲು ಆರಿಸತೊಡಗಿದಳು. ನಾನು ಲೆಕ್ಕವನ್ನು ತಿರುಗಿಸಿ ಬರೆದೆ.

ಮರುದಿನ ಲಿಂಗಸೂಗೂರಿನ ಬಸ್ಸು ಮಸ್ಕಿಯಲ್ಲಿ ನಿಂತಿತು. ಬೇರೆ ದಾರಿಯೇ ಇಲ್ಲ, ಮಸ್ಕಿಯನ್ನು ಹಾದೇ ಹೋಗಬೇಕು. ಅರ್ಧ ಬಸ್ಸು ಇಳಿದು ಚಹಾಕ್ಕೆ ಹೋಯಿತು. ಅಕ್ಕ ಇಳಿಯಲಿಲ್ಲ. ಕಿಟಕಿಯ ಸರಳು ಹಿಡಿದು ಬೆಟ್ಟದ ಕಡೆಗೆ, ಅದರ ಬುಡದ ಓಣಿಗಳ ಕಡೆಗೆ ನೋಡುತ್ತ ಕುಳಿತಳು. ಅಲ್ಲಿ ಯಾವುದೋ ಒಂದು ಮನೆಯಲ್ಲಿ ಈರಮ್ಮ ಇದ್ದಾಳೆ, ಕೂಗಿದರೆ ಕೇಳಿಸುವಷ್ಟು ದೂರ. ಪಕ್ಕದ ಹೆಂಗಸು ವಾಡಿಕೆಯಂತೆ ಯಾರ ಮನಿಗೆ ಎಂದು ಕೇಳಿದಳು. ಅಕ್ಕ ಅತ್ತೆಯ ಹೆಸರು ಹೇಳಿದಳು, ಆದರೆ ಮುಖವನ್ನು ಈಚೆ ತಿರುಗಿಸಲಿಲ್ಲ. ನನ್ನ ನಿರ್ಬಂಧ ಎಷ್ಟು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ನಾನು ಹಿಂದಿನ ಸೀಟಿನಿಂದ ನೋಡಿದೆ.

ಅತ್ತೆಯ ಮನೆಯ ಹೋಳಿಗೆ, ಮುದಗಲ್ಲಿನ ಕೋಟೆ ಇವೆಲ್ಲ ಯೋಜನೆಯಂತೆ ನಡೆದವು. ಕೋಟೆಯ ಮೇಲೆ ನಿಂತು ಅಕ್ಕ ಮಸ್ಕಿ ಯಾವ ದಿಕ್ಕಿಗೆ ಎಂದು ಕೇಳಿದ್ದನ್ನು ಬಿಟ್ಟರೆ ವಿಶೇಷವಿಲ್ಲ.

ಮೂರನೆಯ ದಿನ ಹಟ್ಟಿ. ಸಾಲುಮನೆಗಳು ಹಾಗೆಯೇ ಇದ್ದವು, ಆದರೆ ಗಿಡ್ಡವಾಗಿದ್ದವು, ಅಥವಾ ನಾವು ಬೆಳೆದಿದ್ದೆವು. ಹೊರಗಿನಿಂದ ನೋಡಿ ಹೊರಡುವುದೆಂದು ನಿಶ್ಚಯಿಸಿದ್ದ ಅಕ್ಕ ನಮ್ಮ ಹಳೆಯ ಮನೆಯ ಮುಂದೆ ನಿಂತುಬಿಟ್ಟಳು. ಒಳಗಿನಿಂದ ನೀಲಕ್ಕನಿಗಿಂತ ಕಿರಿಯ ಹೆಣ್ಣುಮಗಳೊಬ್ಬಳು ಬಂದು ಯಾರೆಂದು ವಿಚಾರಿಸಿದಳು. ಮೊದಲು ಈ ಮನೆಯಲ್ಲಿ ಇದ್ದವರು ಎಂದು ನಾನು ವಿವರಿಸುವಷ್ಟರಲ್ಲಿ ಆಕೆ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡಿದ್ದಳು. ಅಕ್ಕ ಅಡುಗೆಮನೆಯ ಗೋಡೆ ಮುಟ್ಟಿದಳು. ಅತ್ತಕಡೆ ಈಗ ಯಾರಿದ್ದಾರೋ. ಯಾರೋ ಮಲಗಿದ್ದಾರೆಂಬಂತೆ ಅಕ್ಕ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದಳು. ಚಹಾ ಆಯಿತು. ಎದ್ದಾಗ ಆ ಹೆಣ್ಣುಮಗಳು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಮೇಲೊಂದು ಕುಬುಸದ ಕಣ ಇಟ್ಟುಕೊಂಡು ಬಂದಳು.

‘ಈ ಮನಿ ಮಗಳು ನೀವು. ಬರಿ ಉಡೀಲೆ ಹ್ಯಾಂಗ ಕಳಸಲಿ’ ಎಂದಳು.

ನೀಲಕ್ಕನಿಗೆ ಆ ಹೊಸ್ತಿಲೊಳಗೆ ನಿಂತು ಉಡಿ ತುಂಬಿಸಿಕೊಳ್ಳುವುದಕ್ಕಿಂತ ದೊಡ್ಡದು ಭೂಮಿಯ ಮೇಲೆ ಇರಲಿಲ್ಲ. ಆದರೆ ತುಂಬಿದ ಉಡಿಯನ್ನು ಸಾವಿನ ಮನೆಗೆ ಒಯ್ಯುವಂತಿಲ್ಲ. ಮುಂದಿನ ಬಸ್ಸು ಮಸ್ಕಿಗೆ. ಅವಳ ಕೈ ತಾನಾಗಿಯೇ ಸೆರಗಿನ ಅಂಚಿಗೆ ಹೋಗಿ, ಅದನ್ನು ಅರ್ಧ ಬಿಡಿಸಿ, ಅಲ್ಲಿಯೇ ನಿಂತಿತು. ನಂತರ ಸೆರಗನ್ನು ಮತ್ತೆ ಸುತ್ತಿಕೊಂಡು, ಮಾತಾಡಿಸಲು ಹೊರಟಿದ್ದೇನೆ ತಂಗಿ ಎಂದು ಸಣ್ಣಗೆ ಹೇಳಿದಳು. ಆಕೆಗೆ ಅರ್ಥವಾಯಿತು. ತಟ್ಟೆಯನ್ನು ಕೆಳಗಿಟ್ಟು ಅಕ್ಕನ ಎರಡೂ ಕೈ ಹಿಡಿದುಕೊಂಡಳು. ಪ್ರತಿ ನಿರ್ಬಂಧಕ್ಕೂ ಒಂದು ಬೆಲೆಯಿದೆ ಎನ್ನುತ್ತದೆ ನಮ್ಮ ಶಾಸ್ತ್ರ. ಅದನ್ನು ಒಂದೆಳೆ ಸಡಿಲಿಸಿದರೆ ಎಷ್ಟು ಹೆಚ್ಚು ದೊರಕೀತೋ ಅಷ್ಟು. ಛಾಯಾಬೆಲೆ ಎಂದು ಅದರ ಹೆಸರು. ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದ ಆ ಶಬ್ದವನ್ನು ಅಂದು ಮೊದಲ ಸಲ ಕಣ್ಣಾರೆ ಕಂಡೆ. ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ಹಿಂದಿರುಗಿ ನೋಡಲಿಲ್ಲ.

ಮಸ್ಕಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಈರಮ್ಮನ ಮನೆಯ ಪಡಸಾಲೆಯಲ್ಲಿ ಅವಳ ಅತ್ತೆ, ಓಣಿಯ ಒಂದಿಬ್ಬರು ಹಿರಿಯ ಹೆಂಗಸರು ಕುಳಿತಿದ್ದರು; ನಾನು ಬಾಗಿಲ ಬದಿಯಲ್ಲಿ ಕುಳಿತೆ. ಈರಮ್ಮ ಒಳಗಿನಿಂದ ಬಂದಳು. ಬರಿಯ ಹಣೆಯಲ್ಲಿ ಅವಳನ್ನು ನಾನು ಒಮ್ಮೆಲೇ ಗುರುತಿಸಲಿಲ್ಲ. ಅಕ್ಕ ಹೋಗಿ ಅವಳ ಕೊರಳಿಗೆ ಬಿದ್ದಳು. ಇಬ್ಬರೂ ಅತ್ತರು, ಪದ್ಧತಿಗಾಗಿ ಅಲ್ಲ, ನಿಜವಾಗಿ. ಹಿರಿಯ ಹೆಂಗಸರು ಸತ್ತವನ ಗುಣಗಳನ್ನು ನೆನೆದರು. ಬಳಿಕ ಮಾತು ಕಡಿಮೆಯಾಗಿ, ಅವರಿಬ್ಬರೂ ಗೋಡೆಗೆ ಆತು, ತಲೆಯ ಮೇಲಿನ ಸೆರಗುಗಳು ಒಂದಕ್ಕೊಂದು ಕೂಡುವಂತೆ ಕುಳಿತು ಪಿಸುಗುಡತೊಡಗಿದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಕ್ಕನ ಹಣೆ ಅವಳ ಹಣೆಗೆ ತಾಗಿತು, ಇಬ್ಬರ ಭುಜಗಳೂ ಕುಲುಕತೊಡಗಿದವು. ಅತ್ತೆ ನಿಟ್ಟುಸಿರುಬಿಟ್ಟು, ಎಷ್ಟು ದುಃಖ ನುಂಗಿಕೊಂಡಿತ್ತೋ ಹುಡುಗಿ, ಅಳಲಿ ಬಿಡ್ರಿ ಎಂದರು. ಹಟ್ಟಿಯಲ್ಲಿ ಬೆಳೆದ ನನಗೆ ಮಾತ್ರ ಅದು ಏನೆಂದು ಗೊತ್ತಿತ್ತು. ನಾನು ತಲೆ ತಗ್ಗಿಸಿ ನೆಲ ನೋಡುತ್ತ ಕುಳಿತೆ.

ಕೊನೆಯ ಬಸ್ಸಿನ ಹೊತ್ತಾಯಿತು. ಅಕ್ಕ ಎದ್ದಳು. ಪದ್ಧತಿಯಂತೆ ಯಾರೂ ಏನೂ ಅನ್ನಲಿಲ್ಲ. ಯಾರೂ ಕೂಡು ಎನ್ನಲಿಲ್ಲ. ಅಕ್ಕ ಹೊಸ್ತಿಲವರೆಗೆ ಸುಮ್ಮನೆ ನಡೆದು, ಒಂದು ಕಾಲು ಹೊರಗಿಟ್ಟು ನಿಂತಳು. ತಿರುಗಿದಳು. ಪಿಸುಮಾತಿನಲ್ಲಿ ಅಲ್ಲ, ಪಡಸಾಲೆಯೆಲ್ಲ ಕೇಳುವಂತೆ ಹೇಳಿದಳು:

‘ಈರೀ, ಹೋಗಿ ಬರ್ತೀನಿ.’

ಹಿರಿಯ ಹೆಂಗಸರು ಬೆಚ್ಚಿದರು. ಒಬ್ಬಾಕೆ ಶಿವ ಶಿವಾ ಎಂದು ಕಿವಿ ಮುಟ್ಟಿಕೊಂಡಳು. ಅತ್ತೆಯ ಮುಖ ಬಿಳಿಚಿತು. ಈರಮ್ಮ ಮಾತ್ರ ಗೋಡೆ ಬಿಟ್ಟು ನೆಟ್ಟಗೆ ನಿಂತು, ಬಾ ಎಂದಳು. ಅಕ್ಕ ಕೊನೆಯ ಬಸ್ಸಿಗೆ ಊರು ಸೇರಿದಳು. ಮನೆಯಲ್ಲಿ ನೀರು ಹಾಕಿಕೊಂಡಳು, ಮರುದಿನ ರೈಲು ಹತ್ತಿದಳು.

ಅದಾಗಿ ವರ್ಷಗಳೇ ಕಳೆದವು. ಭಾವನಿಗೆ ಇನ್ನೂ ದೂರಕ್ಕೆ ವರ್ಗವಾಯಿತು, ಮಕ್ಕಳ ಓದು, ಮದುವೆ, ಒಂದರ ಹಿಂದೊಂದು. ನೀಲಕ್ಕನಿಗೆ ಬರಲಾಗಿಲ್ಲ. ಅವಳು ಫೋನಿನಲ್ಲಿ ಸಿಕ್ಕಾಗಲೆಲ್ಲ ಮಸ್ಕಿಯೊಂದಕ್ಕೇ ಒಂದು ಮಾರ್ಗ ಹಾಕಿಡು ಎನ್ನುತ್ತಾಳೆ. ಊರು ಒಂದೇ ಆದರೆ ಅದರಲ್ಲಿ ಹಾಕುವ ಲೆಕ್ಕವೇನೂ ಇಲ್ಲ, ಬರಬೇಕು, ಅಷ್ಟೇ ಎಂದು ನಾನು ಹೇಳಿದರೆ ಅವಳು ಮಕ್ಕಳ ಸುದ್ದಿಗೆ ಹೊರಳುತ್ತಾಳೆ. ನಾನಂತೂ ಆ ದಾರಿಯಲ್ಲಿ ಹೋದಾಗ ಮಸ್ಕಿಯಲ್ಲಿ ಇಳಿಯುತ್ತೇನೆ. ಕಳೆದ ಸಲ ಹೋದಾಗ ಈರಮ್ಮ ದೊಡ್ಡ ಕಾಯಿಲೆಯೊಂದರಿಂದ ಎದ್ದು ಕುಳಿತಿದ್ದಳು. ಆಸ್ಪತ್ರೆಯವರೇ ಕೈಬಿಟ್ಟಿದ್ದರಂತೆ. ಅಕ್ಕನಿಗೆ ಈ ಸಲವೂ ಪುರಸೊತ್ತಾಗಲಿಲ್ಲವೆಂದು ನಾನು ತಡವರಿಸಿದೆ. ತಿಳಿಸಿ ಹೇಗಾದರೂ ಬೇಗ ಕರೆಸಲೇ ಎಂದೂ ಕೇಳಿದೆ. ಈರಮ್ಮ ಸೆರಗು ಸರಿಪಡಿಸಿಕೊಂಡು ನಕ್ಕಳು, ಈ ಸಲ ಸದ್ದು ಮಾಡಿಯೇ ನಕ್ಕಳು.

‘ಆಕೀಗೆ ಅವಸರ ಮಾಡಬ್ಯಾಡ ತಮ್ಮಾ. ಯಾರೂ ಬರ್ತೀನಿ ಅನ್ನಲಾರದ ಮನ್ಯಾಗ ಆಕಿ ಬರ್ತೀನಿ ಅಂದು ಹೋಗ್ಯಾಳ. ಆಕಿ ಬರೂತನಕಾ ನಾ ಇರಬೇಕಲ್ಲ.’